ಪರದೆಗೆ ಸೇರಿಸಿದ ಮೂರು ಸಾಲು

೧೨ ಜೂನ್ ೨೦೦೯, ಬೆಳಿಗ್ಗೆ
ರೊಟ್ಟಿ ತಟ್ಟಿದ್ದಾಯಿತು. ಈ ಹೊತ್ತಿಗೆ ಹೆಂಗಸರ ಸಂಘದ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಮಾಡುತ್ತಿರಬೇಕಿತ್ತು. ಬಿಡಿಸಿದರು. ಬಿಡಿಸಿದರು ಏನು... ವೃಷಭೇಂದ್ರ ಬಿಡಿಸಿದ. ಸೆಂಟರ್ ಅವನ ಕೈಯಲ್ಲಿದೆ.
ನಿನ್ನೆ ಸಭೆಯಲ್ಲಿ ಅಂದ: "ಇದು ಲಿನಕ್ಸ್, ಕಂಪ್ಯೂಟರ್ ನಡ್ಸೋ ಸಾಫ್ಟ್‌ವೇರು. ಒಳಗಿರದೆಲ್ಲ ಮುಕ್ತ. ಯಾರ್ ಬೇಕಾದ್ರೂ ಬಿಚ್ಚಿ ನೋಡ್ಬೋದು."
ಎದ್ದು ನಿಂತೆ. ನೆಟ್ ಹಿಡಿಯುವ ವೈರ್‌ಲೆಸ್ ಕಾರ್ಡು ಓಡಬೇಕಾದರೆ ಫರ್ಮ್‌ವೇರ್ ಅಂತ ಸಣ್ಣದೊಂದು ಪ್ರೋಗ್ರಾಮ್ ತುಂಬಬೇಕು. ಅದು ಕಂಪನಿಯದು, ಬಿಚ್ಚಿ ನೋಡುವಂತಿಲ್ಲ. ಜನಕ್ಕೆ ಹೇಳಿ — ಅಷ್ಟೇ ನಾನು ಕೇಳಿದ್ದು.
"ಸುಳ್ಳಿ ಇವ್ಳು. ನಾಳಿಂದ ಬರ್ಬ್ಯಾಡ ಕಣಮ್ಮಿ."
ನಾನು ಕಲಿಸಿದ ಹೆಂಗಸರ ಮುಂದೆಯೇ ಅಂದ.

೩ ಜುಲೈ
ಜೀರಹಳ್ಳಿಯ ಮಾಲಿನಿ ಬಂದಿದ್ದಳು. ನನ್ನ ಜಾಗದಲ್ಲಿ ಈಗ ಅವಳು. ತಾಳಮಲೆಯಲ್ಲಿ ಹೊಸ ಸೆಂಟರ್ ತೆರೆಯುತ್ತಾರಂತೆ. ಲಿನಕ್ಸ್ ಇನ್‌ಸ್ಟಾಲ್ ಮಾಡುವಾಗ ಪರದೆಗೆ ಬರುವ ಮಾತೆಲ್ಲ ಕನ್ನಡದಲ್ಲಿ ಬೇಕಂತೆ.
"ಕನ್ನಡ ಮಾಡದು ನಿಂಗೊಬ್ಳಿಗೇ ಬರದು, ವೃಷಭೇಂದ್ರಣ್ಣ ನಿನ್ನೇ ಕೇಳ್ಕಂಡು ಬಾ ಅಂತು ಕಣಕ್ಕ."
ನಾಚಿಕೆ ಇಲ್ಲದವನು.
ಒಪ್ಪಿಕೊಂಡೆ. ಅವ್ವ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು.

೯ ಜುಲೈ
ಸಿ.ಡಿ. ಸಿದ್ಧ. ಎಲ್ಲ ನೆಟ್ಟಗೆ ಅನುವಾದಿಸಿದೆ. ಫರ್ಮ್‌ವೇರ್ ಕೇಳುವ ಕಡೆ ಮಾತ್ರ ನನ್ನದೇ ಮೂರು ಸಾಲು:
"ಇದು ಕಂಪನಿಯ ಸ್ವತ್ತು. ಒಳಗೇನಿದೆ ಎಂದು ಯಾರೂ ನೋಡುವಂತಿಲ್ಲ. ಆದರೂ ಹಾಕಲೇ?"
ಅವನು ಮೊದಲೇ ಓದಿ ನೋಡುವವನಲ್ಲ. ಗೊತ್ತು.

೧೯ ಜುಲೈ, ತಾಳಮಲೆಯಿಂದ ಬಂದು
ಹೊಸ ಸೆಂಟರಿನಲ್ಲಿ ಹಿಂದಿನ ಸಾಲಲ್ಲಿ ಕೂತಿದ್ದೆ. ಎಲ್ಲರೆದುರು ಇನ್‌ಸ್ಟಾಲ್ ಮಾಡಿ ತೋರಿಸಲು ವೃಷಭೇಂದ್ರ ಸಿ.ಡಿ. ಹಾಕಿದ. ನನ್ನ ಮೂರು ಸಾಲು ಪರದೆಗೆ ಬಂದವು. ಸಂಘದ ಅಧ್ಯಕ್ಷೆ ಪುಟ್ಟಮಲ್ಲಮ್ಮ ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದಿದರು.
"ಏನ್ಲಾ ಇದು? ಎಲ್ಲಾ ಬಿಚ್ಚಿ ನೋಡ್ಬೋದು ಅಂದಿದ್ದೆ?"
"ಅದು... ಚಿಕ್ಕದು ಕಣವ್ವ. ಅದಿಲ್ದೆ ನೆಟ್ ಬರಕಿಲ್ಲ."
"ಅಂಗಂತ ಯೋಳಿದ್ರೆ ಆಕು ಅಂತಿದ್ದೊ. ಮುಚ್ಚಿಟ್ಟಿದ್ದ್ಯಾಕ್ಲಾ? ನಿಜ ಯೋಳ್ದ ಎಣ್ಮಗಳ್ನ ಸುಳ್ಳಿ ಅಂದ್ಯಲ್ಲ!"
ಆಮೇಲೆ ಕೈ ಎತ್ತಿಸಿ ಕೇಳಿದರು. ಹಾಕು ಅಂದರು ಎಲ್ಲರೂ. ಹಾಕಿದ. ಕಣ್ತುಂಬ ನೋಡಿದೆ.

೨೧ ಜುಲೈ
ವೃಷಭೇಂದ್ರ ಮನೆಗೇ ಬಂದ. "ತಪ್ಪಾಯ್ತು ಕಣಮ್ಮಿ. ಯೋಳುದ್ರೆ ಜನ ಎದರ್ಕತರೆ ಅನ್ಕಂಡೆ. ನಾಳಿಂದ ಬಾ."
ಅವ್ವ ಕಾಫಿಗೆ ಎದ್ದಳು. ಬೇಡ ಅಂದೆ.
"ಇಲ್ಲಿ ಅಲ್ಲ. ಸಭೇಲಿ ಯೋಳು."

೨ ಆಗಸ್ಟ್
ಸಭೆ. ವೃಷಭೇಂದ್ರ ಎದ್ದು ನಿಂತು ನನ್ನ ಕಡೆ ಕೈ ತೋರಿಸಿದ. "ಶಾಂಭವಿ ಯೋಳಿದ್ದೇ ನಿಜ. ತಪ್ಪು ನಂದು."
ಅಷ್ಟು ಸಾಕಿತ್ತು. "ಕೇಳಿಸ್ನಿಲ್ಲ" ಅಂದೆ. ಮತ್ತೆ ಹೇಳಿದ. ಹಿಂದಿನವರಿಗೂ ಕೇಳಲಿ ಅಂದೆ. ಹೇಳಿದ. ಕಣ್ಣಲ್ಲಿ ನೀರು. ಮಾಲಿನಿ ನನ್ನ ಸೆರಗು ಎಳೆದಳು.
"ಬುಡವ್ವ, ಸಾಕು" — ಪುಟ್ಟಮಲ್ಲಮ್ಮ.
ಹೆಂಗಸರೆಲ್ಲ ನೋಡುತ್ತಿದ್ದುದು ಈಗ ಅವನನ್ನಲ್ಲ, ನನ್ನನ್ನು. ಆದರೂ ಬಾಯಿ ತೆರೆದೆ. ನಾನು ಆಗ ಅಂದದ್ದು — "ಇನ್ನೊಂದ್ಸಲ ಯೋಳು."