ಹಸಿರು ಬಾಗಿಲಿನ ದಾರಿ

ಆಯೀ,

ಪಣಜಿಯ ಹಳೇ ಪೇಟೆಯಲ್ಲಿ ನೀನು ಇಪ್ಪತ್ತು ವರ್ಷ ದುಡಿದ ಬಂಗಲೆ ಈಗ ಏಳು ಕೋಣೆಗಳ, ಗದ್ದಲವಿಲ್ಲದ ಹೋಟೆಲ್ಲಾಗಿದೆ. ನಿನ್ನೆ ಅಲ್ಲಿ ಉಳಿದುಕೊಂಡೆ.

ಮಾಜಾಳಿಯಿಂದ ಮೊದಲ ಬಸ್ಸಿಗೆ ಹೊರಡುವಾಗ ಪ್ರತಿ ರಜೆಯಲ್ಲೂ ನೀನು ನನ್ನನ್ನು ಕರೆಯುತ್ತಿದ್ದೆ: "ಒಂದಿನ ಬಾ ಮಗಾ, ಆ ಮನೆ ತೋರಿಸ್ತೆ." ನಾನು ಓದುವುದಿದೆ ಎನ್ನುತ್ತಿದ್ದೆ. ಓದುವುದೇನೂ ಇರುತ್ತಿರಲಿಲ್ಲ.

ನಿನ್ನೆ ಫೋನಿನ ಮ್ಯಾಪು ತೆರೆಯಲೇ ಇಲ್ಲ. ನೀನು ಹೇಳುತ್ತಿದ್ದ ದಾರಿ ಬಾಯಿಪಾಠವಾಗಿತ್ತು: ಚರ್ಚಿನ ಪಕ್ಕದ ಓಣಿ, ಬಾವಿ, ಹಸಿರು ಬಾಗಿಲು. ಹೊರಗೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ, ಎದುರಿಗೆ ಪಾತ್ರೆ ತೊಳೆಯುವ ಜಾಗ.

"ಅಯ್ಯೋ ಬಾಯೋರೆ, ಇದು ಕೆಲ್ಸದವ್ರು ಬರೂ ಬಾಗ್ಲು! ನೀವು ಮುಂದಿಂದ ಬರ್ಬೇಕು," ಎಂದು ಅಲ್ಲಿದ್ದ ಹೆಂಗಸು ಗಾಬರಿಯಾದಳು.

"ನಮ್ಮ ಆಯಿ ಹೇಳಿದ್ದು ಇದೇ ದಾರಿ. ಮಾಜಾಳಿ ಶೇವಂತಿ ಹೇಳಿ ಅವಳ ಹೆಸರು."

ಅವಳು ಕೈಯ ತಟ್ಟೆ ಕೆಳಗಿಟ್ಟಳು. "ಶೇವಂತಕ್ಕನ ಮಗಳಾ? ಹಂಗಾರೆ ಇಲ್ಲಿಂದ್ಲೇ ಬಾ."

ಅವಳ ಹೆಸರು ದಮಯಂತಿ. ಕೆಲಸ ಕಲಿಸಿದ್ದು ನೀನಂತೆ. ಒಂದೊಂದೇ ಕೋಣೆ ತೋರಿಸಿದಳು. ನೀನು ದಿನಾ ಒರೆಸುತ್ತಿದ್ದ ಮರದ ಮೆಟ್ಟಿಲು ಈಗಲೂ ಹೊಳೆಯುತ್ತದೆ. ಅದರ ಮೇಲೇ ಕೂತು ಇಬ್ಬರೂ ಚಹಾ ಕುಡಿದೆವು.

ದೀಪಾವಳಿ ರಜೆಗೆ ನನ್ನ ಮಗಳನ್ನು ಕರೆದುಕೊಂಡು ಹೋಗುತ್ತೇನೆ. ಓದುವುದಿದೆ ಎಂದರೂ ಬಿಡುವುದಿಲ್ಲ. ಹಸಿರು ಬಾಗಿಲಿನಿಂದಲೇ ಹೋಗುತ್ತೇವೆ.