ನೆರಳುಬೀದಿಯ ಎದುರುಸಹಿ

ಬಳ್ಳಾರಿ, ಫೆಬ್ರುವರಿ ೩೦, ೨೧೮೬

ನೂರರುವತ್ತು ವರ್ಷ ಹಿಂದಿನ ಅಂಗಡಿಕಾರರೇ,

ತಾರೀಖು ನೋಡಿ ನಗಬೇಡಿ, ನಮ್ಮ ಪಂಚಾಂಗದಲ್ಲಿ ಈ ದಿನ ಇದೆ. ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಹುಲಿಗೆಮ್ಮ, ನೆರಳುಬಟ್ಟೆ ಹೊಲಿಯುವ ಅಂಗಡಿಯವಳು. ನೆರಳುಬಟ್ಟೆಯೆಂದರೆ ಬೀದಿಯ ಈ ಮಾಳಿಗೆಯಿಂದ ಆ ಮಾಳಿಗೆಗೆ ಕಟ್ಟುವ ದಪ್ಪ ಹಾಸು. ಅದಿಲ್ಲದೆ ಇಲ್ಲಿ ಬೆಳಿಗ್ಗೆ ಹತ್ತರ ನಂತರ ಯಾರೂ ಹೊರಗೆ ಕಾಲಿಡುವುದಿಲ್ಲ. ತರಕಾರಿಯವರು, ಕ್ಷೌರದವರು, ಮಿರ್ಚಿ ಕರಿಯುವವರು ಎಲ್ಲರೂ ನನ್ನ ಹೊಲಿಗೆಯ ಕೆಳಗೇ ಬದುಕುತ್ತಾರೆ. ಗಾಳಿಗೆ ಒಂದು ಅಂಚು ಹರಿದರೂ ಬೈಗುಳ ನೇರ ನನ್ನ ಬಾಗಿಲಿಗೆ ಬರುತ್ತದೆ.

ಆರು ವರ್ಷದ ಹಿಂದೆ ಶೆಫಾಲಿ ಬಂದಳು. ಬಂಗಾಳದ ಕಡೆಯ ಆಕೆಯ ಊರು ಈಗ ಸಮುದ್ರದ ಪಾಲು. ಅಂಥವರನ್ನು ನಾವು ಕಡಲುಬಿಟ್ಟವರು ಎನ್ನುತ್ತೇವೆ. ದೋಣಿಯ ಹಾಯಿ ಹೊಲಿದ ಕೈ ಅದು, ಆಕೆ ಹಾಕಿದ ಅಂಚು ಹರಿದದ್ದೇ ಇಲ್ಲ. ನಾನು ಅರ್ಧ ಕೂಲಿ ಹೇಳಿದೆ, ಗತಿಯಿಲ್ಲದೆ ಒಪ್ಪಿದಳು. ಮರುತಿಂಗಳು, ಮೊದಲಿನಿಂದ ನನ್ನಲ್ಲೇ ಹೊಲಿಯುತ್ತಿದ್ದ ನನ್ನ ತಮ್ಮ ಎರ್ರಿಸ್ವಾಮಿಗೂ ಅಷ್ಟಕ್ಕೇ ಇರುವುದಾದರೆ ಇರು ಎಂದೆ. ಅವನು ಕತ್ತರಿ ಇಟ್ಟು ಹೋದ. ಈಗ ಹಾಸು ಕಟ್ಟುವ ಕಂಬ ಹೊರುತ್ತಾನೆ. ಕಡಲುಬಿಟ್ಟವರು ನಮ್ಮವರ ಅನ್ನಕ್ಕೆ ಕಲ್ಲು ಹಾಕಿದರು ಎಂದು ಬೀದಿಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನೇ. ಹೇಳಲು ನಾಚಿಕೆಯಾಗುತ್ತದೆ.

ಈಗ ಶೆಫಾಲಿ ನನ್ನೆದುರಿಗೇ ಸ್ವಂತ ಅಂಗಡಿ ಇಡಬೇಕೆಂದಿದ್ದಾಳೆ. ಹೊರಗಿನಿಂದ ಬಂದವರ ಅರ್ಜಿಗೆ ಅದೇ ಬೀದಿಯ, ಅದೇ ಕಸುಬಿನ ಒಬ್ಬರು ಸಹಿ ಹಾಕಬೇಕು. ಇದಕ್ಕೆ ಎದುರುಸಹಿ ಎಂದು ಹೆಸರು. ಈ ಬೀದಿಯಲ್ಲಿ ಈ ಕಸುಬಿನವಳು ನಾನೊಬ್ಬಳೇ. ಆಕೆಯ ಕೂಲಿ ಪರವಾನಗಿ ಯುಗಾದಿಗೆ ಮುಗಿಯುತ್ತದೆ, ನಾನು ಸಹಿ ಹಾಕದಿದ್ದರೆ ಊರು ಬಿಡಬೇಕು. ಅರ್ಜಿಯಲ್ಲಿ ‘ಇವರಿಂದ ನನ್ನ ವ್ಯಾಪಾರಕ್ಕೆ ಪೆಟ್ಟಿಲ್ಲ’ ಎಂದು ಅಚ್ಚಾಗಿದೆ. ಪೆಟ್ಟು ಖಂಡಿತ ಬೀಳುತ್ತದೆ. ಅರ್ಧ ಗಿರಾಕಿಗಳು ಮರುದಿನವೇ ರಸ್ತೆ ದಾಟುತ್ತಾರೆ.

ಮೂರು ದಿನ ಒದ್ದಾಡಿ, ಬೇಡ ಎಂದಾನು ಎಂಬ ಆಸೆಯಿಂದ ಕಾಗದವನ್ನು ಎರ್ರಿಸ್ವಾಮಿಯ ಬಳಿಗೆ ಒಯ್ದೆ. ಅವನು ಕಂಬ ಇಳಿಸಿ ಬೆವರು ಒರೆಸಿಕೊಂಡ. “ಆಕಿ ಮ್ಯಾಲ ನನಗ ಸಿಟ್ಟಿಲ್ಲಕ್ಕಾ, ನಿನ್ನ ಮ್ಯಾಲ ಐತಿ. ಅಂಗಡಿ ಇಟ್ಟರ ಪೂರಾ ಕೂಲಿ ಕೊಡ್ತೀನಿ, ಬಾ ಅಂದಾಳ ಆಕಿ” ಎಂದ.

ನಾನು ಅಲ್ಲೇ ಕುಳಿತು ಅಚ್ಚಾದ ಸಾಲನ್ನು ಹೊಡೆದುಹಾಕಿ, ‘ಪೆಟ್ಟು ಬೀಳುತ್ತದೆ, ಆದರೂ ಬರಲಿ’ ಎಂದು ಬರೆದು ಸಹಿ ಹಾಕಿದೆ. ಕಚೇರಿಯವರು ಒಪ್ಪುತ್ತಾರೋ ಇಲ್ಲವೋ ಇನ್ನೂ ತಿಳಿದಿಲ್ಲ.

ನಿಮ್ಮ ಬೀದಿಗಳಿಗೂ ಯಾರಾದರೂ ಬರುತ್ತಿರಬಹುದು. ಕೆಲಸ ಕಳೆದುಕೊಂಡವನ ಸಿಟ್ಟನ್ನು ದಯವಿಟ್ಟು ಸುಳ್ಳೆನ್ನಬೇಡಿ. ಆದರೆ ಕೂಲಿ ಇಳಿಸಿದವರು ಯಾರೆಂದು ಒಮ್ಮೆ ಕೇಳಿ. ನಮ್ಮ ಬೀದಿಯಲ್ಲಿ ಅದು ನಾನು.

ಇಂತಿ,
ಹುಲಿಗೆಮ್ಮ