ಇಪ್ಪತ್ತೆಂಟನೇ ಚೀಟಿಯ ಕಾಗದ ಕೊಡಿ

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳೇ,

ಮೂರು ವರ್ಷದ ಹಿಂದೆ ನಿಮ್ಮ ಇಲಾಖೆಯವರು ನಮ್ಮೂರ ಶಾಲೆಯ ದೊಡ್ಡ ಕೋಣೆಯಲ್ಲಿ ನಲವತ್ಮೂರು ಜನರನ್ನು ಬೆಂಚಿನ ಮೇಲೆ ಮಲಗಿಸಿ, ಎದೆಗೆ ತಣ್ಣನೆಯ ಅಂಟು ಹಚ್ಚಿ, ಯಂತ್ರ ಇಟ್ಟು ಒಳಗಿನ ಹೃದಯ ನೋಡಿಕೊಂಡು ಹೋದರು. ನೋಡಿದ್ದೇನು ಎಂದು ಈವರೆಗೆ ಒಬ್ಬರಿಗೂ ತಿಳಿಸಿಲ್ಲ. ಮರೆತಿರೋ, ಬಚ್ಚಿಟ್ಟಿರೋ? ಬಚ್ಚಿಟ್ಟಿದ್ದೀರಿ ಎಂದೇ ನನ್ನ ಅನುಮಾನ. ಅದಕ್ಕೇ ಮುಚ್ಚಿದ ಲಕೋಟೆ ಬಿಟ್ಟು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಊರಿನ ದರ್ಜಿ. ಅನುಮಾನ ನನಗೆ ಕಸುಬಿನ ಜೊತೆಗೇ ಬಂದದ್ದು. ಬಟ್ಟೆ ಅಂಗಡಿಯವನು "ಇದು ಕುಗ್ಗಲ್ಲ" ಅಂದರೆ ಆ ಬಟ್ಟೆಯನ್ನು ಎರಡು ಸಲ ನೆನೆಸುತ್ತೇನೆ. "ಹೋದ ವರ್ಷದ ಅಳತೆಯೇ ಇರಲಿ" ಅನ್ನುವವರನ್ನು ನಿಲ್ಲಿಸಿ ಮತ್ತೆ ಟೇಪು ಹಿಡಿಯುತ್ತೇನೆ. ಮೂವತ್ತು ವರ್ಷದ ಅಳತೆ ಪುಸ್ತಕಗಳು ನನ್ನ ಹೊಲಿಗೆ ಮೆಷಿನ್ನಿನ ಪಕ್ಕದ ಕಪಾಟಿನಲ್ಲಿವೆ. ಅವುಗಳಲ್ಲಿರುವವರು ಹೆಚ್ಚಾಗಿ ಗೆಡ್ಡೆಯ ಹೊಲಗಳಲ್ಲಿ ಅಗೆಯುವ ಕೂಲಿಯವರು, ಅವರ ಮಕ್ಕಳು. ನಿಮ್ಮ ಕಚೇರಿಯ ಬೀರುವಿಗಿರುವಂಥ ಬೀಗ ನನ್ನ ಕಪಾಟಿಗಿಲ್ಲ, ಯಾರು ಬೇಕಾದರೂ ಬಂದು ತೆಗೆದು ನೋಡಬಹುದು.

ಈಗ ನನ್ನದೇ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ನನ್ನ ಅಕ್ಕನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಗೆಡ್ಡೆ ವಿಂಗಡಿಸುವ ಶೆಡ್ಡಿನಲ್ಲಿ ಕೆಲಸಕ್ಕಿದ್ದಳು, ಚಿಕ್ಕವಳು ನನ್ನ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಾಳೆ. ಹೋದ ವರ್ಷ ದೊಡ್ಡವಳು ಎರಡು ತಿಂಗಳಲ್ಲಿ ಮೂರು ಸಲ ಬಟ್ಟೆಯ ಸೊಂಟದ ಹೊಲಿಗೆ ಬಿಚ್ಚಿಸಿ ಸಡಿಲ ಮಾಡಿಸಿಕೊಳ್ಳಲು ಬಂದಳು. ಮೂರನೆಯ ಸಲ ನಾನು ಟೇಪು ಕೆಳಗಿಟ್ಟು ಕೇಳಿದೆ.

"ಯಾರದು?"

"ಏನು ಯಾರದು, ಚಿಕ್ಕಮ್ಮ?"

"ನನ್ನ ಹತ್ರ ನಾಟಕ ಬೇಡ. ಹೊಟ್ಟೆ ಯಾರದು ಹೇಳು."

ಅವಳು ಮೊದಲು ನಕ್ಕಳು. ನಾನು ನಗುತ್ತಿಲ್ಲ ಎಂದು ಗೊತ್ತಾದ ಮೇಲೆ ಅತ್ತಳು. "ನಂಗೆ ಮೆಟ್ಟಿಲು ಹತ್ತಕ್ಕೂ ಆಗ್ತಿಲ್ಲ ಚಿಕ್ಕಮ್ಮ, ಉಸಿರು ಕಟ್ಟುತ್ತೆ, ಇದರಲ್ಲಿ ಯಾರ ಹತ್ರ ಹೋಗ್ಲಿ" ಅಂದಳು. ಅದನ್ನೂ ನಾಟಕ ಅಂದುಕೊಂಡೆ. ಅಕ್ಕನ ಕಿವಿಗೆ ಹಾಕಿದೆ. ಅಕ್ಕ ಅವಳ ಕೆಲಸ ಬಿಡಿಸಿ ಮನೆಯಲ್ಲಿ ಕೂರಿಸಿದಳು. ನಾಲ್ಕು ತಿಂಗಳು ಇಬ್ಬರು ಹೆಂಗಸರು ಸೇರಿ ಒಂದು ಹುಡುಗಿಯನ್ನು ದಿನಾ ವಿಚಾರಣೆ ಮಾಡಿದೆವು. ಅಷ್ಟೂ ದಿನ ನನ್ನ ಪುಸ್ತಕದಲ್ಲಿ ನನ್ನದೇ ಕೈಬರಹದಲ್ಲಿ ಇನ್ನೊಂದು ಲೆಕ್ಕ ಇತ್ತು: ಸೊಂಟ ಐದು ಇಂಚು ಹೆಚ್ಚು, ತೋಳು ಎರಡು ಇಂಚು ಕಡಿಮೆ. ಬಸುರಿಯ ತೋಳು ಹಾಗೆ ಬಡಕಲಾಗುತ್ತದೆಯೇ? ಬರೆದವಳು ನಾನೇ, ಓದಿಕೊಳ್ಳಲಿಲ್ಲ. ಇದಕ್ಕೆ ನನ್ನನ್ನು ನಾನು ಕ್ಷಮಿಸಿಲ್ಲ, ನೀವು ಕ್ಷಮಿಸಬೇಕಾದ ಅಗತ್ಯವೂ ಇಲ್ಲ.

ಕೊನೆಗೆ ಪಟ್ಟಣದ ದೊಡ್ಡಾಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಅಲ್ಲಿನ ಡಾಕ್ಟರಮ್ಮ ಯಂತ್ರ ಇಟ್ಟು ನೋಡಿ ನನಗೆ ಅರ್ಥವಾಗುವ ಹಾಗೆ ಹೇಳಿದರು. ಹೃದಯದ ಒಳಮೈ ಗಟ್ಟಿಯಾಗುವ ಕಾಯಿಲೆಯಂತೆ. ಕಾಲರಿಗೆ ಕ್ಯಾನ್ವಾಸು ಕೊಟ್ಟ ಹಾಗೆ ಬಿರುಸಾಗಿ, ರಕ್ತ ತುಂಬಿಕೊಳ್ಳಲು ಹಿಗ್ಗುವುದಿಲ್ಲ. ಹಿಂದೆ ನಿಂತ ನೀರೆಲ್ಲ ಹೊಟ್ಟೆಗೆ, ಕಾಲಿಗೆ. "ನಿಮ್ಮ ಕಡೆಯ ಬಡವರಲ್ಲೇ ಹೆಚ್ಚು ನೋಡ್ತಿದೀನಿ. ಇದು ನಿನ್ನೆ ಮೊನ್ನೇದಲ್ಲಮ್ಮ, ಮೂರ್ನಾಲ್ಕು ವರ್ಷದ್ದು. ಮೊದಲು ಯಾರೂ ಸ್ಕ್ಯಾನ್ ಮಾಡಿರ್ಲಿಲ್ವಾ?" ಎಂದರು. ನಾನು ಇಲ್ಲ ಅಂದೆ. ಹಾಸಿಗೆಯಲ್ಲಿದ್ದ ಹುಡುಗಿ ಕಣ್ಣು ತೆರೆದು, "ಮಾಡಿದ್ರು. ಶಾಲೇಲಿ" ಅಂದಳು. ಆರು ವಾರಕ್ಕೆ ತೀರಿಕೊಂಡಳು.

ಅವಳ ಪೆಟ್ಟಿಗೆಯಲ್ಲಿ ನಿಮ್ಮ ಇಲಾಖೆಯ ಮೊಹರಿನ ಚೀಟಿ ಸಿಕ್ಕಿತು. ನಂಬರು ಇಪ್ಪತ್ತೇಳು. ಸಾಲಿನಲ್ಲಿ ಅವಳ ಹಿಂದೆಯೇ ನಿಂತಿದ್ದವಳು ಅವಳ ತಂಗಿ, ಇಪ್ಪತ್ತೆಂಟು. ಬೆಂಚಿಗೆ ಅಡ್ಡ ಕಟ್ಟಿದ್ದ ಪರದೆಯ ಸಂದಿಯಿಂದ ಕಂಡದ್ದನ್ನು ತಂಗಿ ನನಗೆ ಹೇಳಿದಳು: "ಯಂತ್ರದವರು ಇನ್ನೊಬ್ಬರನ್ನ ಕರೆದ್ರು. ಇಬ್ರೂ ಬೆರಳು ತೋರಿಸಿ ಏನೋ ಮೆತ್ತಗೆ ಮಾತಾಡ್ಕೊಂಡ್ರು. ಅಕ್ಕ, ಏನಾದ್ರೂ ಇದ್ಯಾ ಸಾರ್ ಅಂದ್ಲು. ಏನೂ ಇಲ್ಲಮ್ಮ, ಒರೆಸ್ಕೊ ಅಂದ್ರು."

ಏನೂ ಇಲ್ಲದ ಎದೆಯನ್ನು ನೋಡಲು ಇನ್ನೊಬ್ಬರನ್ನು ಯಾಕೆ ಕರೆಯಬೇಕಿತ್ತು, ಮಾನ್ಯರೇ?

ನಿಮ್ಮ ಕಚೇರಿಗೆ ನಾಲ್ಕು ಸಲ ಬಂದೆ. ನೀವು ನಾಲ್ಕು ಸಲವೂ ಸಭೆಯಲ್ಲಿದ್ದಿರಿ. ಗುಮಾಸ್ತರು ಮಾತ್ರ ಸಿಕ್ಕಿದರು. "ಆ ಕಾಗದ ಇಲ್ಲಿಲ್ಲಮ್ಮ" ಎನ್ನುತ್ತಲೇ ಕಿಟಕಿಯ ಪಕ್ಕದ ಹಸಿರು ಬೀರುವಿನ ಕಡೆ ನೋಡಿದರು. ಇಲ್ಲದ ಕಾಗದಕ್ಕೆ ಕಣ್ಣು ಅತ್ತ ಯಾಕೆ ಹೋಗಬೇಕು? ಒತ್ತಾಯಿಸಿದ ಮೇಲೆ, "ಅದು ಅಧ್ಯಯನಕ್ಕೆ ಮಾಡಿದ್ದು, ಚಿಕಿತ್ಸೆಗಲ್ಲ. ಮೇಲಾಗಿ ಗೌಪ್ಯ" ಎಂದರು. ಎಷ್ಟು ಅಚ್ಚುಕಟ್ಟು. ನಮ್ಮ ಎದೆಯೊಳಗಿನ ಗುಟ್ಟನ್ನು ನಮ್ಮಿಂದಲೇ ಕಾಪಾಡಲು ಇಲಾಖೆ ಪಡುತ್ತಿರುವ ಶ್ರಮಕ್ಕೆ ನಾವು ಕೃತಜ್ಞರಾಗಿರಬೇಕು. ನಿಮ್ಮ ಕಚೇರಿಯವರದೇ ಮಗಳಾಗಿದ್ದರೂ ಅವಳ ಹೃದಯವನ್ನು ಅಧ್ಯಯನ ಮಾಡಿ, ಒರೆಸ್ಕೊ ಎಂದು ಮನೆಗೆ ಕಳಿಸುತ್ತಿದ್ದಿರಾ?

ನನ್ನ ಅರ್ಜಿಗೆ ಬಂದ ಉತ್ತರ ಒಂದೇ ಸಾಲು: "ಸದರಿ ಭಾಗದಲ್ಲಿ ಸದರಿ ಕಾಯಿಲೆಯು ಕಂಡುಬಂದಿರುವುದಿಲ್ಲ." ಕಂಡುಬಂದಿಲ್ಲವಾದರೆ ನಲವತ್ಮೂರು ಕಾಗದ ತೋರಿಸಲು ಏನು ಅಡ್ಡಿ? ನಾನು ಆರು ವರ್ಷದ ಅಳತೆ ಪುಸ್ತಕಗಳನ್ನು ತಿರುವಿ ಹಾಕಿದೆ. ಸೊಂಟ ಏರಿ ತೋಳು ಇಳಿದವರು ಹನ್ನೊಂದು ಜನ. ಐದು ಜನ ಈಗಿಲ್ಲ. ಅವರ ಮರಣ ಪತ್ರಗಳಲ್ಲಿ ಬರೆದಿರುವುದು "ಹೃದಯ ನಿಂತದ್ದರಿಂದ ಸಾವು". ಹೃದಯ ನಿಲ್ಲದೆ ಸತ್ತವರು ನಿಮ್ಮ ಕಡತದಲ್ಲಿ ಯಾರಾದರೂ ಇದ್ದಾರೆಯೇ? ಕಾಯಿಲೆ ಇದೆ ಎಂದು ಒಪ್ಪಿದರೆ ತಿಂಗಳಿಗೊಮ್ಮೆ ಯಂತ್ರ ಬರಬೇಕು, ಡಾಕ್ಟರು ಬರಬೇಕು, ಔಷಧ ಬರಬೇಕು. ಇಲ್ಲ ಎಂದರೆ ಹೊಟ್ಟೆಹುಳದ ಮಾತ್ರೆ ಹಂಚಿ ಕೈತೊಳೆದುಕೊಳ್ಳಬಹುದು. ನಾನು ಸಣ್ಣ ಮನಸ್ಸಿನವಳು, ನನಗೆ ಹೀಗೆಲ್ಲ ಹೊಳೆಯುತ್ತದೆ. ತಪ್ಪಾಗಿದ್ದರೆ ಕಾಗದ ತೋರಿಸಿ ನನ್ನ ಬಾಯಿ ಮುಚ್ಚಿಸಿ.

ಹೋದ ವಾರ ಚಿಕ್ಕವಳು ಕಾಲುಚೀಲ ಬಿಚ್ಚಿದಾಗ ಎಲಾಸ್ಟಿಕ್ಕಿನ ಗುರುತು ಆಳವಾಗಿ ಉಳಿದಿತ್ತು. ನಾನು ಟೇಪು ತೆಗೆದುಕೊಂಡು ಎದ್ದೆ. ಅವಳು ಗೋಡೆಗೆ ಒರಗಿ ನಿಂತಳು. "ಬೇಡ ಚಿಕ್ಕಮ್ಮ. ಅಕ್ಕನ್ನೂ ಹೀಗೇ ಅಳೆದ್ರಿ" ಅಂದಳು. ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನಿಗೆ ಅವಳ ಹೆಸರು ಬರೆಸಿದ್ದೇನೆ, ಸರದಿ ಬರಲು ಐದು ತಿಂಗಳು. ಬರುವುದಿಲ್ಲ ಎಂದು ಹಟ ಮಾಡುತ್ತಿದ್ದಾಳೆ. ನನ್ನ ಟೇಪಿನ ಮೇಲಿದ್ದ ನಂಬಿಕೆಯನ್ನು ನಾನೇ ಹಾಳು ಮಾಡಿದೆ. ನಿಮ್ಮ ಮೊಹರಿರುವ ಕಾಗದ ಎದುರಿಗಿಟ್ಟರೆ ಬಂದಾಳು. ಅದಿದ್ದರೆ ಮುಂಚೆಯೇ ಕರೆಸಿ ನೋಡುತ್ತೇನೆಂದು ಡಾಕ್ಟರಮ್ಮನೂ ಹೇಳಿದ್ದಾರೆ.

ಆದ್ದರಿಂದ ನನ್ನ ಬೇಡಿಕೆ: ನಲವತ್ಮೂರು ಜನರ ಕಾಗದಗಳನ್ನು ಅವರವರ ಕೈಗೆ ಕೊಡಿ. ಇಪ್ಪತ್ತೇಳು ಕೊನೆಯಲ್ಲಿ ಬಂದರೂ ಸರಿ, ಅವಳಿಗೆ ಆತುರವಿಲ್ಲ. ಇಪ್ಪತ್ತೆಂಟು ಈ ವಾರವೇ ಬರಲಿ. ಇದನ್ನು ಬರೆಯುತ್ತಿರುವಾಗ ಅವಳು ನನ್ನ ಪಕ್ಕದಲ್ಲೇ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದಾಳೆ. "ನಿನಗೇನಂದ್ರು ಅವತ್ತು?" ಎಂದು ಈಗಷ್ಟೇ ಕೇಳಿದೆ. ತಲೆ ಎತ್ತದೆ ಹೇಳಿದಳು: "ನಂಗೂ ಏನೂ ಇಲ್ಲ ಅಂದ್ರು."

ಇಂತಿ,
ಮೊದಲು ಮನೆಯ ಹುಡುಗಿಯನ್ನು ಅನುಮಾನಿಸಿ, ನಿಮ್ಮನ್ನು ಅನುಮಾನಿಸುವ ಹೊತ್ತಿಗೆ ತಡಮಾಡಿಕೊಂಡ
ಊರಿನ ದರ್ಜಿ